ಹಡಗಿನ ಟಿಕೆಟ್ ಒಂದೇ, ದುಡ್ಡು ಕಟ್ಟುವ ದಿನಗಳು ಮಾತ್ರ ಹಲವು

ಕ್ರೂಸ್, ಅಂದರೆ ಹಡಗಿನ ವಿಹಾರ ಪ್ರವಾಸ, ಬುಕ್ ಮಾಡಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಡಾಲರ್ ರೇಟು ನೋಡುವುದು. ನಾನೂ ಅದೇ ಪೈಕಿ. ನಿನ್ನೆಗಿಂತ ಒಂಚೂರು ಏರಿದ್ದರೆ ಹೊಟ್ಟೆಯಲ್ಲಿ ಸಂಕಟ, ಒಂಚೂರು ಇಳಿದಿದ್ದರೆ ಏನೋ ಗೆದ್ದ ಖುಷಿ. ತಮಾಷೆ ಏನೆಂದರೆ ಅವತ್ತು ಕಟ್ಟಬೇಕಾದ್ದು ಏನೂ ಇರುವುದಿಲ್ಲ. ಬಾಕಿ ಕಟ್ಟುವ ದಿನಕ್ಕೆ ಇನ್ನೂ ತಿಂಗಳುಗಟ್ಟಲೆ ಟೈಮ್ ಇರುತ್ತದೆ. ಆದರೂ ನೋಡುತ್ತೇವೆ, ಸುಮ್ನೆ ನಿಟ್ಟುಸಿರು ಬಿಡುತ್ತೇವೆ.

ಈ ನಿಟ್ಟುಸಿರಿನಿಂದ ಪ್ರಯೋಜನ ಇಲ್ಲ ಅಂತ ಹೇಳುವುದು ಸುಲಭ. ಹಾಗಾದರೆ ಯಾವುದರಿಂದ ಪ್ರಯೋಜನ ಇದೆ? ಇದನ್ನು ಯೋಚಿಸುತ್ತಾ ಹೋದಾಗ ನನಗೆ ಸಿಕ್ಕಿದ ಮೊದಲ ಸಂಗತಿ ಇದು: ಕ್ರೂಸ್ ಅನ್ನುವುದನ್ನು ನಾವು ಒಂದೇ ಸಲ ಕೊಳ್ಳುವುದಿಲ್ಲ. ಮೊದಲು ಮುಂಗಡ. ಆಮೇಲೆ ಹೊರಡುವ ಸುಮಾರು ಮೂರು ತಿಂಗಳ ಮುಂಚೆ ಬಾಕಿ ಪೂರ್ತಿ. ಈ ಗಡುವು ಕಂಪನಿ ಮತ್ತು ಪ್ರವಾಸದ ಉದ್ದ ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ನಡುವೆ ಡ್ರಿಂಕ್ಸ್ ಪ್ಯಾಕೇಜ್, ವೈಫೈ, ಟಿಪ್ಸ್, ಬಂದರಿನ ಟೂರ್‌ಗಳು. ಹಡಗು ಹತ್ತಿದ ಮೇಲೆ ಕ್ಯಾಬಿನ್ ಲೆಕ್ಕಕ್ಕೆ ಬೀಳುವ ಖರ್ಚು. ಕೊನೆಗೆ ಊರೂರಿನ ದಡದಲ್ಲಿ ಕೈಯಿಂದ ಹೋಗುವ ಚಿಲ್ಲರೆ. ಇವು ಒಂದೊಂದೂ ಒಂದೊಂದು ದಿನದ ರೇಟಿನಲ್ಲಿ ಕಡಿತವಾಗುತ್ತವೆ. ಹಾಗಾಗಿ 'ಇವತ್ತಿನ ರೇಟು ಎಷ್ಟು' ಅನ್ನುವ ಪ್ರಶ್ನೆಗೆ ಅಷ್ಟೊಂದು ಅರ್ಥ ಇಲ್ಲ. 'ಇನ್ನೂ ಎಷ್ಟು ಕಟ್ಟುವುದು ಉಳಿದಿದೆ, ಯಾವಾಗ, ಯಾವ ಕರೆನ್ಸಿಯಲ್ಲಿ' ಅಂತ ಕೇಳಿಕೊಂಡರೆ ಕೈಯಲ್ಲಿ ಏನಾದರೂ ಕೆಲಸ ಇರುತ್ತದೆ.

ಡಾಲರೇ ಯಾಕೆ ಅಂತ ಹೊಸಬರು ಕೇಳುತ್ತಾರೆ. ಈ ಉದ್ಯಮದ ಅಡ್ಡಾ ಅಮೆರಿಕದ ಮಯಾಮಿ. ದೊಡ್ಡ ಕ್ರೂಸ್ ಕಂಪನಿಗಳಾದ ನಾರ್ವೀಜಿಯನ್ 1966ರಲ್ಲಿ, ರಾಯಲ್ ಕೆರಿಬಿಯನ್ 1968ರಲ್ಲಿ, ಕಾರ್ನಿವಲ್ 1972ರಲ್ಲಿ ಶುರುವಾದವು. ಮೂರರ ಮುಖ್ಯ ಕಚೇರಿಯೂ ಮಯಾಮಿ ಪ್ರದೇಶದಲ್ಲೇ. ಹಡಗು ಬಹಾಮಾಸ್‌ನಲ್ಲೋ ಪನಾಮಾದಲ್ಲೋ ನೋಂದಣಿ ಆಗಿರಬಹುದು, ಓಡುವುದು ಗ್ರೀಸ್‌ನ ನೀರಿನಲ್ಲಿರಬಹುದು, ಲೆಕ್ಕ ಮಾತ್ರ ಅಮೆರಿಕದ ಡಾಲರ್‌ನಲ್ಲಿ. ಅಷ್ಟಕ್ಕೂ ಕ್ರೂಸ್ ಒಂದೇ ಅಲ್ಲ, ಜಗತ್ತಿನ ವಿದೇಶಿ ವಿನಿಮಯ ಮಾರುಕಟ್ಟೆಯೇ ಹಾಗೆ. 2022ರ ಏಪ್ರಿಲ್‌ನಲ್ಲಿ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್ (ಕೇಂದ್ರ ಬ್ಯಾಂಕುಗಳ ಬ್ಯಾಂಕು) ಮಾಡಿದ ಸಮೀಕ್ಷೆಯ ಪ್ರಕಾರ ಈ ಮಾರುಕಟ್ಟೆಯ ದಿನದ ವಹಿವಾಟು ಸುಮಾರು 7.5 ಲಕ್ಷ ಕೋಟಿ ಡಾಲರ್. ಅದರಲ್ಲಿ ಶೇಕಡಾ 88ರಷ್ಟು ವ್ಯವಹಾರಗಳಲ್ಲಿ ಒಂದು ಕಡೆ ಡಾಲರ್ ಇತ್ತು. ಆ ಸಮುದ್ರದಲ್ಲಿ ನನ್ನ ಕ್ಯಾಬಿನ್ ಬಾಡಿಗೆ ಯಾವ ಲೆಕ್ಕ?

ಒಂದು ದಿನ ಹಿಂದೆ ಮುಂದೆ ಆದರೆ ಏನಾಗಬಹುದು ಅನ್ನುವುದಕ್ಕೆ ಬ್ರಿಟನ್ನಿನ ಉದಾಹರಣೆಯನ್ನು ನಾನು ಯಾವಾಗಲೂ ಹೇಳುತ್ತೇನೆ. 2016ರ ಜೂನ್ 23ರಂದು ಅಲ್ಲಿ ಬ್ರೆಕ್ಸಿಟ್ ಮತದಾನ, ಯುರೋಪಿಯನ್ ಒಕ್ಕೂಟ ಬಿಡಬೇಕಾ ಅನ್ನುವುದಕ್ಕೆ. ಅವತ್ತು ರಾತ್ರಿ ಮತಗಟ್ಟೆ ಮುಚ್ಚಿದ ಹೊತ್ತಿಗೆ ಒಂದು ಪೌಂಡ್‌ಗೆ ಹತ್ತಿರಹತ್ತಿರ 1.50 ಡಾಲರ್ ಇತ್ತು. ಫಲಿತಾಂಶ ಬರುತ್ತಾ ಬರುತ್ತಾ ರಾತ್ರೋರಾತ್ರಿ 1.33ರ ಕೆಳಕ್ಕೂ ಹೋಗಿ, ಮರುದಿನದ ಕೊನೆಗೆ 1.37ರ ಆಸುಪಾಸಿನಲ್ಲಿ ನಿಂತಿತು. 3,000 ಡಾಲರ್ ಬಾಕಿ ಇದ್ದವರು ಒಬ್ಬರು ಮೊದಲ ರೇಟಿನಲ್ಲಿ ಕಟ್ಟಿದರು ಅಂದುಕೊಳ್ಳಿ: 2,000 ಪೌಂಡ್. ಮರುದಿನ ಕಟ್ಟಿದವರಿಗೆ ಸುಮಾರು 2,190 ಪೌಂಡ್. ಅದೇ ಹಡಗು, ಅದೇ ಕ್ಯಾಬಿನ್, ಅದೇ ಊಟ. ಅದಕ್ಕೂ ಹಿಂದಿನದು ನೆನಪಿದ್ದವರಿಗೆ ಇನ್ನೂ ಬೇಜಾರು. 2007ರ ಕೊನೆಯಲ್ಲಿ ಒಂದು ಪೌಂಡ್‌ಗೆ ಎರಡು ಡಾಲರ್‌ಗಿಂತ ಜಾಸ್ತಿ ಸಿಗುತ್ತಿತ್ತು. ಕೆನಡಾದವರ ಕಥೆಯೂ ಇಂಥದ್ದೇ. 2011ರಲ್ಲಿ ಅವರ ಡಾಲರ್ ಅಮೆರಿಕದ ಡಾಲರ್‌ಗಿಂತ ಮೇಲಿತ್ತು. 2016ರ ಜನವರಿಯಲ್ಲಿ 70 ಸೆಂಟ್‌ಗಿಂತ ಕೆಳಗೆ ಬಂತು. ಆಗ ಕೆಲವು ಕ್ರೂಸ್ ಕಂಪನಿಗಳು ಕೆನಡಾ ನಿವಾಸಿಗಳಿಗಂತಲೇ ಬೇರೆ ರಿಯಾಯಿತಿ ಕೊಟ್ಟವು. ಗಿರಾಕಿ ಕೈಬಿಟ್ಟು ಹೋಗುತ್ತಾನೆ ಅನ್ನಿಸಿದಾಗ ಕಂಪನಿಗಳೂ ಬಗ್ಗುತ್ತವೆ.

ಹಾಗಾದರೆ ರೇಟು ಎತ್ತ ಹೋಗುತ್ತದೆ ಅಂತ ಮೊದಲೇ ತಿಳಿದುಕೊಳ್ಳಬಹುದಲ್ಲ? 1983ರಲ್ಲಿ ರಿಚರ್ಡ್ ಮೀಸ್ ಮತ್ತು ಕೆನೆತ್ ರೋಗಾಫ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದರು. ಬಡ್ಡಿ ದರ, ಹಣದುಬ್ಬರ, ವ್ಯಾಪಾರದ ಕೊರತೆ ಎಲ್ಲ ಸೇರಿಸಿ ಕಟ್ಟಿದ ದೊಡ್ಡ ದೊಡ್ಡ ಮಾದರಿಗಳನ್ನು ಒಂದು ಕಡೆ ಇಟ್ಟರು. 'ಮುಂದಿನ ರೇಟು ಇವತ್ತಿನಷ್ಟೇ ಇರುತ್ತದೆ' ಅನ್ನುವ ಪೆದ್ದು ಊಹೆಯನ್ನು ಇನ್ನೊಂದು ಕಡೆ ಇಟ್ಟರು. ಒಂದು ವರ್ಷದೊಳಗಿನ ಅವಧಿಗೆ ಆ ಮಾದರಿಗಳು ಈ ಪೆದ್ದು ಊಹೆಯನ್ನೂ ಸೋಲಿಸಲಿಲ್ಲ. ನಮ್ಮ ಕ್ರೂಸ್ ಬುಕಿಂಗ್‌ನಿಂದ ಬಾಕಿ ಕಟ್ಟುವವರೆಗಿನ ಅವಧಿ ಸಾಮಾನ್ಯವಾಗಿ ಅಷ್ಟೇ ಅಲ್ವಾ? ಆದ್ದರಿಂದ 'ಮುಂದಿನ ತಿಂಗಳು ಡಾಲರ್ ಇಳಿಯುತ್ತೆ ನೋಡ್ತಿರು' ಅನ್ನುವ ಸ್ನೇಹಿತರ ಮಾತನ್ನು ನಾನು ನಗುತ್ತಲೇ ಕೇಳಿ, ಅಲ್ಲೇ ಬಿಡುತ್ತೇನೆ.

ಈ ಅನಿಶ್ಚಿತತೆಗೆ ಕಂಪನಿಗಳೂ ಹೆದರುತ್ತವೆ. ಅವುಗಳ ಆದಾಯ ಬಹುಪಾಲು ಡಾಲರ್‌ನಲ್ಲಿ. ಹಡಗು ಕಟ್ಟಿಸುವುದು ಯುರೋಪಿನಲ್ಲಿ: ಜರ್ಮನಿಯ ಪಾಪೆನ್‌ಬುರ್ಗ್, ಫಿನ್ಲೆಂಡಿನ ಟುರ್ಕು, ಫ್ರಾನ್ಸಿನ ಸೇಂಟ್ ನಜೇರ್, ಇಟಲಿಯ ಮೊನ್‌ಫಾಲ್ಕೋನೆ. ಒಪ್ಪಂದ ಯೂರೋದಲ್ಲಿ, ದುಡ್ಡಿನ ದೊಡ್ಡ ಪಾಲು ಹಡಗು ಕೈಗೆ ಬರುವ ದಿನ, ಅಂದರೆ ವರ್ಷಗಟ್ಟಲೆ ಆದ ಮೇಲೆ. ಆಗ ಯೂರೋ ಎಷ್ಟಿರುತ್ತದೋ ಅಂತ ಕಾಯುತ್ತಾ ಕೂರುವುದಿಲ್ಲ ಅವರು. ಮುಂದಿನ ದಿನಕ್ಕೆ ಈಗಲೇ ರೇಟು ಗೊತ್ತುಮಾಡುವ ಫಾರ್ವರ್ಡ್ ಕಾಂಟ್ರ್ಯಾಕ್ಟ್ ಮಾಡಿಕೊಳ್ಳುತ್ತಾರೆ. ಲಾಭ ಹೊಡೆಯುವುದು ಅವರ ಉದ್ದೇಶ ಅಲ್ಲ, ಎಷ್ಟು ಖರ್ಚು ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ. ನಮ್ಮಂಥ ಪ್ರಯಾಣಿಕರಿಗೂ ಆ ಬುದ್ಧಿ ಹೊಂದುತ್ತದೆ ಅಂತ ನನಗೆ ಅನ್ನಿಸಿದ್ದು ಇಲ್ಲೇ.

ರೇಟು ಗೊತ್ತುಮಾಡಿಕೊಳ್ಳುವ ಎಲ್ಲಕ್ಕಿಂತ ಸರಳ ದಾರಿ ನಮ್ಮ ಕರೆನ್ಸಿಯಲ್ಲೇ ಬುಕ್ ಮಾಡುವುದು. ದೊಡ್ಡ ಕಂಪನಿಗಳು ಹಲವು ದೇಶಗಳಿಗೆ ಬೇರೆ ಬೇರೆ ಬೆಲೆಪಟ್ಟಿ ಇಡುತ್ತವೆ. ಪೌಂಡ್, ಯೂರೋ, ಆಸ್ಟ್ರೇಲಿಯಾದ ಡಾಲರ್, ಕೆನಡಾದ ಡಾಲರ್ ಹೀಗೆ. ಅಲ್ಲಿ ಬುಕ್ ಮಾಡಿದರೆ ಮುಂಗಡವೂ ಬಾಕಿಯೂ ಅದೇ ಕರೆನ್ಸಿಯಲ್ಲಿ, ಅದೇ ಮೊತ್ತ. ರೇಟಿನ ಗೊಡವೆ ಅವರ ಪಾಲಿಗೆ. ಆದರೆ ಆ ಬೆಲೆಯ ಒಳಗೆ ಅವರೊಂದು ರೇಟು ಸೇರಿಸಿರುತ್ತಾರೆ, ಅದು ಧರ್ಮಕ್ಕೆ ಕೊಟ್ಟದ್ದಲ್ಲ. ಅದನ್ನು ಬಯಲು ಮಾಡಲು ನಾನು ಮಾಡುವ ಕೆಲಸ ಇಷ್ಟೇ: ಅದೇ ಹಡಗು, ಅದೇ ತಾರೀಖು, ಅದೇ ದರ್ಜೆಯ ಕ್ಯಾಬಿನ್ನಿನ ಡಾಲರ್ ಬೆಲೆಯನ್ನು ಪಕ್ಕದಲ್ಲಿ ತೆರೆದು, ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡುವುದು. ತೆರಿಗೆ ಮತ್ತು ಬಂದರು ಶುಲ್ಕ ಎರಡರಲ್ಲೂ ಸೇರಿದೆಯಾ, ಟಿಪ್ಸ್ ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟಿದೆಯಾ ಅಂತ ಮೊದಲು ಸರಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ದಾರಿ ತಪ್ಪಿಸುತ್ತದೆ. ಬಂದ ರೇಟು ಮಾರುಕಟ್ಟೆಯದಕ್ಕಿಂತ ಒಂದೆರಡು ಶೇಕಡಾ ಕೆಟ್ಟದಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಶ್ಚಿಂತೆಗೆ ಅಷ್ಟು ಕೊಡಬಹುದು. ಏಳೆಂಟು ಶೇಕಡಾ ಅಂದರೆ ಯೋಚಿಸುತ್ತೇನೆ.

ಸ್ಥಳೀಯ ಕರೆನ್ಸಿಯ ಬೆಲೆಪಟ್ಟಿ ದಿನಾ ಬದಲಾಗುವುದಿಲ್ಲ. ಡಾಲರ್ ಎದುರು ನಮ್ಮ ಹಣ ಈಗಷ್ಟೇ ಬಿದ್ದಿದ್ದರೆ ಹಳೆಯ ಬೆಲೆ ಇನ್ನೂ ಕೆಲವು ದಿನ ಹಾಗೇ ಇರುವ ಸಾಧ್ಯತೆ ಇದೆ. ಎಲ್ಲರೂ 'ಅಯ್ಯೋ ಬಿತ್ತು' ಅಂತ ಕೈಕಟ್ಟಿ ಕೂರುವ ಆ ಹೊತ್ತಿನಲ್ಲೇ ಬುಕ್ ಮಾಡಿದರೆ ಚೆನ್ನಾಗಿ ಕುದುರುವುದುಂಟು. ಇನ್ನೊಂದು ದೇಶದ ಬೆಲೆಪಟ್ಟಿ ಅಗ್ಗ ಕಂಡಿತು ಅಂತ ಅಲ್ಲಿಗೆ ಹಾರುವುದು ಮಾತ್ರ ಅಷ್ಟು ಸುಲಭ ಅಲ್ಲ. ಎಷ್ಟೋ ದರಗಳು ಆಯಾ ದೇಶದ ನಿವಾಸಿಗಳಿಗೆ ಮಾತ್ರ ಅಂತ ಷರತ್ತು ಇರುತ್ತದೆ. ಸುಳ್ಳು ವಿಳಾಸ ಕೊಟ್ಟು ಬುಕ್ ಮಾಡಿ ಆಮೇಲೆ ಬಂದರಿನಲ್ಲಿ ಪೇಚಾಡುವುದು ಯಾರಿಗೆ ಬೇಕು?

ನಮ್ಮ ಕರೆನ್ಸಿಯಲ್ಲಿ ಬುಕ್ ಮಾಡಿದ ಮೇಲೂ ಕಂಪನಿ ಬೆಲೆ ಏರಿಸಬಹುದಾ? ಒಪ್ಪಂದದ ಸಣ್ಣಕ್ಷರ ಓದಲೇಬೇಕಾದ ಜಾಗ ಇದು. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನ 2018ರ ಜುಲೈ 1ರಿಂದ ಅನ್ವಯವಾಯಿತು, ಕ್ರೂಸ್ ಕೂಡ ಅದರಡಿ ಬರುತ್ತದೆ. ಅದರ ಪ್ರಕಾರ ಬುಕಿಂಗ್ ಆದ ಮೇಲೆ ಬೆಲೆ ಏರಿಸಲು ಒಪ್ಪಂದದಲ್ಲಿ ಮೊದಲೇ ಬರೆದಿರಬೇಕು. ಕಾರಣವೂ ಮೂರೇ: ಇಂಧನ, ತೆರಿಗೆ ಮತ್ತು ಶುಲ್ಕ, ವಿನಿಮಯ ದರ. ಹೊರಡುವುದಕ್ಕೆ 20 ದಿನ ಇರುವಾಗಲಾದರೂ ತಿಳಿಸಿರಬೇಕು. ಏರಿಕೆ ಶೇಕಡಾ 8 ದಾಟಿದರೆ ಪ್ರಯಾಣಿಕ ದಂಡ ಕಟ್ಟದೆ ರದ್ದು ಮಾಡಬಹುದು. ನನಗೆ ಇಷ್ಟವಾದದ್ದು ಇನ್ನೊಂದು ಭಾಗ. ಏರಿಸುವ ಹಕ್ಕನ್ನು ಒಪ್ಪಂದದಲ್ಲಿ ಬರೆದುಕೊಂಡ ಕಂಪನಿ, ಅದೇ ಕಾರಣಗಳಿಂದ ಖರ್ಚು ಇಳಿದರೆ ಬೆಲೆ ಇಳಿಸುವ ಹಕ್ಕನ್ನು ಪ್ರಯಾಣಿಕನಿಗೂ ಕೊಡಬೇಕು. ಅದನ್ನು ಕೇಳಿ ಪಡೆಯುವವರು ಬಹಳ ಕಮ್ಮಿ ಅನ್ನುವುದು ನನ್ನ ಅನುಮಾನ.

ನಮ್ಮ ಕರೆನ್ಸಿಯ ಬೆಲೆಪಟ್ಟಿಯೇ ಇಲ್ಲ, ಡಾಲರ್‌ನಲ್ಲೇ ಕಟ್ಟಬೇಕು ಅಂದರೆ? ಆಗ ಬಾಕಿಯನ್ನು ತುಂಡು ಮಾಡಿಕೊಳ್ಳುವುದು ನನ್ನ ದಾರಿ. ಮುಂಗಡ ಕಟ್ಟಿದ ಮೇಲೆ ಕೊನೆಯ ದಿನದವರೆಗೂ ಸ್ವಲ್ಪ ಸ್ವಲ್ಪ ಕಟ್ಟಲು ಹಲವು ಕಂಪನಿಗಳು ಬಿಡುತ್ತವೆ. ಕಂಪನಿಗೆ ಕಟ್ಟುವುದು ಬೇಡ ಅನ್ನಿಸಿದರೆ ಹಲವು ಕರೆನ್ಸಿ ಇಡಬಹುದಾದ ಖಾತೆಯಲ್ಲಿ ತಿಂಗಳಿಗಿಷ್ಟು ಅಂತ ಡಾಲರ್ ಕೊಂಡಿಡಬಹುದು. ನಮ್ಮ ಹಣದಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಹಾಕುತ್ತಾ ಹೋದರೆ ಡಾಲರ್ ಅಗ್ಗ ಇದ್ದ ತಿಂಗಳು ಜಾಸ್ತಿ ಡಾಲರ್ ಬರುತ್ತದೆ, ದುಬಾರಿ ಇದ್ದ ತಿಂಗಳು ಕಮ್ಮಿ. ಸರಾಸರಿ ಹದಕ್ಕೆ ಬರುತ್ತದೆ. ಇದರಲ್ಲಿ ಮಂತ್ರವಿದ್ಯೆ ಏನೂ ಇಲ್ಲ. ಡಾಲರ್ ಒಂದೇ ಸಮನೆ ಇಳಿಯುತ್ತಾ ಹೋದ ವರ್ಷದಲ್ಲಿ, ಕೊನೆಯವರೆಗೆ ಕಾದು ಒಟ್ಟಿಗೆ ಕಟ್ಟಿದವರೇ ಜಾಣರಾಗುತ್ತಾರೆ. ಆದರೆ ಅತಿ ಕೆಟ್ಟ ದಿನವೇ ಪೂರ್ತಿ ದುಡ್ಡು ಹೋಯಿತು ಅನ್ನುವ ಸಂಕಟದಿಂದ ಇದು ಪಾರು ಮಾಡುತ್ತದೆ. ನನಗೆ ಅಷ್ಟು ಸಾಕು. ದೊಡ್ಡ ಮೊತ್ತ ಮುಂಚೆಯೇ ಏಜೆಂಟ್ ಕೈಗೆ ಹೋಗುವುದಿದ್ದರೆ, ಆ ದುಡ್ಡಿಗೆ ಏನು ರಕ್ಷಣೆ ಇದೆ, ರದ್ದಾದರೆ ಯಾವ ಕರೆನ್ಸಿಯಲ್ಲಿ ವಾಪಸ್ ಬರುತ್ತದೆ ಅಂತ ಮೊದಲು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇಷ್ಟು ಹೊತ್ತು ಹೇಳಿದ್ದು ರೇಟಿನ ಮಾತು. ಆದರೆ ಎಷ್ಟೋ ಸಲ ನಮ್ಮ ಜೇಬು ಕತ್ತರಿಸುವುದು ರೇಟಲ್ಲ, ರೇಟಿನ ಮೇಲೆ ಕೂತ ಕಮಿಷನ್. ಗೂಗಲ್ ತೋರಿಸುವ ರೇಟು ಬ್ಯಾಂಕುಗಳ ನಡುವಿನದು, ಕೊಳ್ಳುವ ಮತ್ತು ಮಾರುವ ಬೆಲೆಗಳ ನಟ್ಟನಡುವಿನ ಅಂಕಿ. ಅದು ನಮಗೆ ಸಿಗುವುದಿಲ್ಲ. ಅದಕ್ಕೂ ನಮಗೆ ಸಿಗುವ ರೇಟಿಗೂ ನಡುವಿನ ಅಂತರವೇ ಅವರ ಸಂಪಾದನೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ 'ಕಮಿಷನ್ ಇಲ್ಲ' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಾಪ, ಸುಳ್ಳೇನೂ ಅಲ್ಲ. ಎಲ್ಲವನ್ನೂ ರೇಟಿನಲ್ಲೇ ವಸೂಲಿ ಮಾಡಿಬಿಟ್ಟರೆ ಕಮಿಷನ್ ಯಾಕೆ ಬೇಕು? ಕ್ರೆಡಿಟ್ ಕಾರ್ಡಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಹಾಕುವ ರೇಟು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಆದರೆ ಕಾರ್ಡ್ ಕೊಟ್ಟ ಬ್ಯಾಂಕು ಅದರ ಮೇಲೆ ವಿದೇಶಿ ವಹಿವಾಟು ಶುಲ್ಕ ಅಂತ ಸಾಮಾನ್ಯವಾಗಿ 2ರಿಂದ 3.5 ಶೇಕಡಾ ಹಾಕುತ್ತದೆ. 3,000 ಡಾಲರ್‌ಗೆ 3 ಶೇಕಡಾ ಅಂದರೆ 90 ಡಾಲರ್. ಈ ಶುಲ್ಕ ಇಲ್ಲದ ಕಾರ್ಡುಗಳೂ ಇವೆ. ರೇಟು ಶೇಕಡಾ 3ರಷ್ಟು ಇಳಿಯಲಿ ಅಂತ ದೇವರಿಗೆ ಹರಕೆ ಹೊರುವ ಬದಲು ಕಾರ್ಡ್ ಬದಲಿಸಿದರೆ ಅಷ್ಟೇ ಉಳಿತಾಯ, ಅದೂ ಖಾತ್ರಿಯಾಗಿ.

ಹಡಗಿನಲ್ಲೇ ನಡೆಯುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೊನೆಯ ಸಂಜೆ. ಗೆಸ್ಟ್ ಸರ್ವೀಸಸ್ ಕೌಂಟರಿನ ಮುಂದೆ ಉದ್ದ ಸಾಲು. ಎಲ್ಲರ ಕೈಯಲ್ಲೂ ಬಿಲ್ಲು. ಲೆಕ್ಕ ತೀರಿಸಲು ಕಾರ್ಡ್ ಕೊಟ್ಟರೆ ಯಂತ್ರದ ಪರದೆಯಲ್ಲಿ ಎರಡು ಆಯ್ಕೆ ಬರುತ್ತದೆ. ಒಂದು ಡಾಲರ್‌ನಲ್ಲಿ ಮೊತ್ತ. ಇನ್ನೊಂದು ನಮ್ಮ ಕರೆನ್ಸಿಯಲ್ಲಿ, ಪಕ್ಕದಲ್ಲೇ 'ಖಚಿತ ಮೊತ್ತ' ಅನ್ನುವಂಥ ಸಮಾಧಾನದ ಮಾತು. ಪರಿಚಿತ ಅಂಕಿ ಕಂಡರೆ ಬೆರಳು ತಾನಾಗಿ ಅತ್ತ ಹೋಗುತ್ತದೆ. ಹಿಂದೆ ಸಾಲು ನಿಂತಿದೆ, ಮಕ್ಕಳು ಕೈ ಎಳೆಯುತ್ತಿವೆ. ಕೆಳಗೆ ಸಣ್ಣಕ್ಷರದಲ್ಲಿ ರೇಟು ಮತ್ತು ಅದರ ಮೇಲಿನ ಮಾರ್ಜಿನ್. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅನ್ನುತ್ತಾರೆ. ಪರಿವರ್ತನೆಯನ್ನು ನಮ್ಮ ಬ್ಯಾಂಕ್ ಮಾಡುವ ಬದಲು ಅಂಗಡಿಯವರ ಕಡೆಯವರೇ ಮಾಡುತ್ತಾರೆ, ತಮಗೆ ಬೇಕಾದ ರೇಟಿನಲ್ಲಿ. ಹೆಚ್ಚುವರಿ 3 ಶೇಕಡಾದಿಂದ 7–8 ಶೇಕಡಾವರೆಗೂ ಹೋಗುವುದುಂಟು. 600 ಡಾಲರ್ ಬಿಲ್ಲಿಗೆ 5 ಶೇಕಡಾ ಅಂದರೆ 30 ಡಾಲರ್, ಒಂದು ಗುಂಡಿ ಒತ್ತಿದ್ದಕ್ಕೆ.

ಪರದೆಯಲ್ಲಿ ಕೇಳಿದರೆ ಪರವಾಗಿಲ್ಲ, ಬೇಡ ಅನ್ನಬಹುದು. ಎಷ್ಟೋ ಹಡಗುಗಳಲ್ಲಿ ಕಾರ್ಡನ್ನು ಹತ್ತುವ ಮುಂಚೆ ಆನ್‌ಲೈನ್ ಚೆಕ್-ಇನ್‌ನಲ್ಲೇ ನೋಂದಾಯಿಸಿರುತ್ತೇವೆ, ಕೊನೆಯ ರಾತ್ರಿ ಬಿಲ್ಲು ತಾನಾಗಿ ಅದರ ಮೇಲೆ ಬೀಳುತ್ತದೆ. ಅಲ್ಲಿ ನಮ್ಮ ಕರೆನ್ಸಿಗೆ ಬದಲಾಯಿಸಲು ಒಪ್ಪಿದ್ದೇವೆ ಅನ್ನುವ ಟಿಕ್ ಯಾವುದೋ ಪುಟದಲ್ಲಿ ಮೊದಲೇ ಬಿದ್ದಿರಬಹುದು. ಒಂದು ಪ್ರಯಾಣದಲ್ಲಿ ನನಗೆ ಹಾಗೇ ಆಗಿತ್ತು. ನಾನು ಕೇಳದೆಯೇ ಬಿಲ್ಲು ನನ್ನ ಕರೆನ್ಸಿಯಲ್ಲಿ ಬಂತು. ಕೌಂಟರಿನಲ್ಲಿದ್ದ ಹುಡುಗಿ ಮೊದಲು 'ಅದು ಸಿಸ್ಟಮ್‌ನಲ್ಲೇ ಹಾಗೆ ಸರ್, ಬದಲಾಯಿಸೋಕೆ ಆಗಲ್ಲ' ಅಂದಳು. ಎರಡನೇ ಸಲ ಮೆತ್ತಗೆ ಕೇಳಿದಾಗ ಒಂದು ಕಾಗದ ತೆಗೆದು ಸಹಿ ಹಾಕಿಸಿಕೊಂಡು, ಡಾಲರ್‌ಗೆ ಬದಲಾಯಿಸಿದಳು. ಅಂದಿನಿಂದ ಹತ್ತಿದ ಮೊದಲ ದಿನವೇ, ಸಾಲು ಇಲ್ಲದ ಹೊತ್ತಿನಲ್ಲಿ, ಆ ಕೆಲಸ ಮುಗಿಸುತ್ತೇನೆ. ಕೊನೆಯ ರಾತ್ರಿ ಆ ಕೌಂಟರಿನಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ.

ಇನ್ನೊಂದು ಗುಂಡಿ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ರದ್ದು ಮಾಡಿ ಮತ್ತೆ ಕೊಳ್ಳುವುದು. ಡ್ರಿಂಕ್ಸ್ ಪ್ಯಾಕೇಜ್, ವೈಫೈ ಇವುಗಳ ಬೆಲೆ ಹೊರಡುವವರೆಗೂ ಏರಿಳಿಯುತ್ತಿರುತ್ತದೆ. ಬೆಲೆ ಇಳಿದರೆ ಹಳೆಯದು ರದ್ದು ಮಾಡಿ ಹೊಸದು ಕೊಳ್ಳಿ ಅನ್ನುವುದು ಕ್ರೂಸ್ ಪ್ರಿಯರ ನಡುವೆ ಹೆಸರಾದ ಉಪಾಯ. ಡಾಲರ್‌ನಲ್ಲೇ ಸಂಬಳ ಪಡೆಯುವವರಿಗೆ ಅದು ಸರಿ. ನಮಗೆ ಪ್ರತಿ ರದ್ದತಿಯೂ ಒಂದು ಪರಿವರ್ತನೆ, ಪ್ರತಿ ಮರುಖರೀದಿಯೂ ಇನ್ನೊಂದು. ಮೊದಲು ಕೊಂಡ ದಿನದ ರೇಟು ಒಂದು, ದುಡ್ಡು ವಾಪಸ್ ಬಂದ ದಿನದ್ದು ಇನ್ನೊಂದು. ಮೊದಲ ಸಲ ಕಟ್ಟಿದ ವಿದೇಶಿ ವಹಿವಾಟು ಶುಲ್ಕವನ್ನು ಎಲ್ಲ ಬ್ಯಾಂಕುಗಳೂ ವಾಪಸ್ ಕೊಡುವುದಿಲ್ಲ. ಡಾಲರ್‌ನಲ್ಲಿ 5 ಶೇಕಡಾ ಇಳಿದದ್ದು ನಮ್ಮ ಲೆಕ್ಕದಲ್ಲಿ ಸೊನ್ನೆ ಆಗಿರಬಹುದು. 15–20 ಶೇಕಡಾ ಇಳಿದಿದ್ದರೆ ಮಾತ್ರ ನಾನು ಕೈ ಹಾಕುತ್ತೇನೆ.

ಟಿಪ್ಸ್ ವಿಚಾರ ಬೇಗ ಮುಗಿಸಿಬಿಡುತ್ತೇನೆ. ಅಮೆರಿಕದ ದೊಡ್ಡ ಹಡಗುಗಳಲ್ಲಿ ಇದನ್ನು ಕಂಪನಿಯೇ ಬಿಲ್ಲಿಗೆ ಸೇರಿಸುತ್ತದೆ, ಈಗ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು, ಸೂಟ್‌ಗಳಲ್ಲಿ (ದೊಡ್ಡ ಐಷಾರಾಮಿ ಕ್ಯಾಬಿನ್) ಇನ್ನೂ ಸ್ವಲ್ಪ ಜಾಸ್ತಿ. ಇಬ್ಬರಿಗೆ ಏಳು ದಿನಕ್ಕೆ 224ರಿಂದ 280 ಡಾಲರ್. ಮುಂಚೆಯೇ ಕಟ್ಟಿಬಿಟ್ಟರೆ ರೇಟೂ ಗೊತ್ತಾಯಿತು, ನಡುವೆ ಕಂಪನಿ ಟಿಪ್ಸ್ ಏರಿಸಿದರೂ ಸಾಮಾನ್ಯವಾಗಿ ನಮಗೆ ಅಂಟುವುದಿಲ್ಲ. ರೇಟು ಕೆಟ್ಟದಾಗಿದೆ ಅಂತ ಟಿಪ್ಸ್ ತೆಗೆಸಿಹಾಕುವವರನ್ನು ನೋಡಿದ್ದೇನೆ. ನನಗೆ ಅದು ಹಿಡಿಸುವುದಿಲ್ಲ. ದಿನಾ ಹಾಸಿಗೆ ಸರಿಮಾಡುವವನ ಕೂಲಿಯಿಂದ ನಮ್ಮ ಕರೆನ್ಸಿಯ ನಷ್ಟ ತುಂಬಿಕೊಳ್ಳುವುದು ಯಾವ ನ್ಯಾಯ?

ಯಾವ ಹಡಗಿನಲ್ಲಿ ಯಾವ ಕರೆನ್ಸಿ ಅನ್ನುವುದನ್ನೂ ಬುಕ್ ಮಾಡುವ ಮುಂಚೆಯೇ ನೋಡಬೇಕು. ಮೆಡಿಟರೇನಿಯನ್‌ನಲ್ಲಿ ಓಡುವ ಎಂಎಸ್‌ಸಿ, ಕೋಸ್ಟಾ ಹಡಗುಗಳ ಒಳಗೆ ಯೂರೋ. ಜರ್ಮನರ ಐಡಾದಲ್ಲೂ ಯೂರೋ. ಬ್ರಿಟನ್ನಿನ ಪಿ ಅಂಡ್ ಓ ದಲ್ಲಿ ಪೌಂಡ್. ಆದರೆ ಅಪ್ಪಟ ಬ್ರಿಟಿಷ್ ಅನ್ನಿಸುವ ಕ್ಯುನಾರ್ಡ್ ಹಡಗಿಗೆ ಸೌತಾಂಪ್ಟನ್‌ನಲ್ಲಿ ಹತ್ತಿ, ಟಿಕೆಟ್ ಪೌಂಡ್‌ನಲ್ಲಿ ಕೊಂಡಿದ್ದರೂ, ಒಳಗಿನ ಖರ್ಚು ಮಾತ್ರ ಅಮೆರಿಕದ ಡಾಲರ್‌ನಲ್ಲಿ. ಡಾಲರ್ ಏರಿ, ಯೂರೋ ಅಷ್ಟು ಏರದ ಕಾಲದಲ್ಲಿ ಯೂರೋ ಹಡಗು ಹಿಡಿಯುವುದು ಒಳ್ಳೆಯ ಉಪಾಯವೇ.

ಕೆರಿಬಿಯನ್ ಮತ್ತು ಅಟ್ಲಾಂಟಿಕ್ ದ್ವೀಪಗಳಲ್ಲಿ ದಡಕ್ಕಿಳಿದರೆ ಡಾಲರ್‌ನಿಂದ ತಪ್ಪಿಸಿಕೊಳ್ಳಬಹುದು ಅಂತ ಎಣಿಸಿದರೆ ಹಲವು ಕಡೆ ಅದೂ ಆಗುವುದಿಲ್ಲ. ಬಹಾಮಾಸ್ ಮತ್ತು ಬರ್ಮುಡಾದ ಡಾಲರ್‌ಗಳು ಅಮೆರಿಕದ ಡಾಲರ್‌ಗೆ ಒಂದಕ್ಕೊಂದು. ಬಾರ್ಬಡೋಸ್‌ನದು 1975ರಿಂದ ಎರಡಕ್ಕೆ ಒಂದು. ಪೂರ್ವ ಕೆರಿಬಿಯನ್ ದ್ವೀಪಗಳ ಡಾಲರ್ 1976ರಿಂದ 2.70ಕ್ಕೆ ಒಂದು. ಎಲ್ಲವೂ ಅಮೆರಿಕದ ಡಾಲರ್‌ಗೆ ಗಂಟು ಹಾಕಿಕೊಂಡವೇ, ಅದು ಏರಿದರೆ ಇವೂ ಏರುತ್ತವೆ. ಯುರೋಪಿನ ಬಂದರುಗಳಲ್ಲಿ ಕಥೆ ಬೇರೆ. ಇಟಲಿಯ ಚಿವಿತವೆಕ್ಕಿಯಾ ಬಂದರಿನಿಂದ ರೋಮ್‌ಗೆ ಹೋಗಲು ಅಮೆರಿಕದ ಹಡಗಿನವರು ಟೂರ್ ಡಾಲರ್‌ನಲ್ಲಿ ಮಾರುತ್ತಾರೆ. ಅಲ್ಲಿನ ಬಸ್ಸು ಮತ್ತು ಗೈಡ್‌ಗೆ ಕೊನೆಗೆ ಹೋಗುವುದು ಯೂರೋ. ನಮ್ಮ ಹಣ ಡಾಲರ್ ಆಗಿ, ಡಾಲರ್ ಯೂರೋ ಆಗಿ, ಎರಡು ಸಲ ಸುಂಕ ಕಟ್ಟಿಕೊಂಡು ರೋಮ್ ತಲುಪುತ್ತದೆ. ಅದೇ ಊರಿನ ಸ್ಟೇಷನ್‌ನಿಂದ ರೈಲು ಹಿಡಿದರೆ ಒಂದೇ ಪರಿವರ್ತನೆ. ರೈಲು ತಡವಾದರೆ ಹಡಗು ಕಾಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ವಾಪಸ್ ಬರಲು ಧಾರಾಳ ಟೈಮ್ ಇರುವ ಬಂದರಿನಲ್ಲಿ ಮಾತ್ರ ನಾನು ಈ ದಾರಿ ಹಿಡಿಯುತ್ತೇನೆ.

ಕೆಟ್ಟ ರೇಟು ಯಾವಾಗಲೂ ಕೆಟ್ಟದ್ದೇ ಮಾಡುತ್ತದಾ? 2020ರ ಮಾರ್ಚ್ ನೆನಪಿಸಿಕೊಳ್ಳಿ. ಕೊರೊನಾದಿಂದ ಹಡಗುಗಳೆಲ್ಲ ನಿಂತವು. ಕಂಪನಿಗಳು ಎರಡು ಆಯ್ಕೆ ಕೊಟ್ಟವು: ದುಡ್ಡು ವಾಪಸ್, ಇಲ್ಲವೇ ಮುಂದಿನ ಪ್ರಯಾಣಕ್ಕೆ ಕ್ರೆಡಿಟ್. ಹಲವು ಕಡೆ ಕಟ್ಟಿದ್ದಕ್ಕಿಂತ 25 ಶೇಕಡಾ ಜಾಸ್ತಿ ಕ್ರೆಡಿಟ್ ಇತ್ತು. ಅದೇ ವಾರಗಳಲ್ಲಿ ಜಗತ್ತಿನ ದುಡ್ಡೆಲ್ಲ ಡಾಲರ್ ಕಡೆ ಓಡಿ, ಆಸ್ಟ್ರೇಲಿಯಾದ ಡಾಲರ್ 60 ಸೆಂಟ್‌ಗಿಂತಲೂ ಕೆಳಗೆ ಬಿದ್ದಿತ್ತು. ಒಂದು ವರ್ಷದ ಹಿಂದೆ ಅದು 70 ಸೆಂಟ್ ಆಸುಪಾಸಿನಲ್ಲಿತ್ತು. ಆಗ ಅಮೆರಿಕದ ಡಾಲರ್‌ನಲ್ಲಿ ಮುಂಗಡ ಕಟ್ಟಿದ್ದ ಆಸ್ಟ್ರೇಲಿಯಾದವರಿಗೆ, ಬಿದ್ದ ರೇಟಿನ ದಿನ ಅದೇ ಡಾಲರ್ ವಾಪಸ್ ಬಂದಿದ್ದರೆ, ಕೈಗೆ ಸಿಕ್ಕಿದ್ದು ಕಟ್ಟಿದ್ದಕ್ಕಿಂತ ಜಾಸ್ತಿ. ಪ್ರಯಾಣ ತಪ್ಪಿದ ಬೇಜಾರಿನಲ್ಲಿ ಎಷ್ಟು ಜನ ಅದನ್ನು ಗಮನಿಸಿದರೋ! ಪ್ರವಾಸ ವಿಮೆ ಮಾಡಿಸುವಾಗಲೂ ಇದೇ ಎಚ್ಚರ ಬೇಕು. ಕ್ಲೇಮು ಯಾವ ಕರೆನ್ಸಿಯಲ್ಲಿ, ಯಾವ ದಿನದ ರೇಟಿನಲ್ಲಿ ಕೊಡುತ್ತಾರೆ ಅಂತ ನೋಡಬೇಕು. ಬುಕ್ ಮಾಡಿದಾಗಿನ ಮೊತ್ತಕ್ಕೆ ವಿಮೆ ಮಾಡಿಸಿ, ಬಾಕಿ ಕಟ್ಟುವ ಹೊತ್ತಿಗೆ ನಮ್ಮ ಹಣ ಬಿದ್ದಿದ್ದರೆ, ವಿಮೆಯ ಮೊತ್ತ ಸಾಲದೇ ಹೋಗುತ್ತದೆ.

ಈಗ ಮನಸ್ಸಿನ ವಿಚಾರ. ನಮ್ಮನ್ನು ಜಾಸ್ತಿ ಕಾಡುವುದು ಇವತ್ತಿನ ರೇಟಲ್ಲ, ಹಿಂದೊಮ್ಮೆ ಇದ್ದ ರೇಟು. 'ಆಗ ಎಷ್ಟು ಅಗ್ಗ ಇತ್ತು' ಅನ್ನುವ ನೆನಪು. ಪೌಂಡ್‌ಗೆ ಎರಡು ಡಾಲರ್ ಇದ್ದ ಕಾಲವೇ ಸಹಜ, ಉಳಿದದ್ದೆಲ್ಲ ಅನ್ಯಾಯ ಅಂತ ಬ್ರಿಟನ್ನಿನವರಿಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ಆದರೆ ಆ ರೇಟು ಬಾಳಿದ್ದು ಸ್ವಲ್ಪ ಕಾಲ ಮಾತ್ರ. ಹಳೆಯ ರೇಟಿಗೆ ಹೋಲಿಸಿದರೆ ಪ್ರತಿ ಪ್ರವಾಸವೂ ನಷ್ಟದಂತೆ ಕಾಣುತ್ತದೆ. ನಾನು ಈಗ ಹೋಲಿಕೆಯ ಜಾಗ ಬದಲಾಯಿಸಿದ್ದೇನೆ. ಬುಕ್ ಮಾಡುವ ಮುಂಚೆ ಒಂದು ಮೊತ್ತ ನಿಗದಿ ಮಾಡುತ್ತೇನೆ, ನಮ್ಮ ಹಣದಲ್ಲಿ, ಎಲ್ಲ ಸೇರಿ ಇಷ್ಟು ಅಂತ. ಡಾಲರ್ ಇನ್ನೂ 10 ಶೇಕಡಾ ಏರಿದರೂ ಆ ಮೊತ್ತದೊಳಗೆ ನಿಲ್ಲುತ್ತದಾ ಅಂತ ನೋಡುತ್ತೇನೆ. ನಿಂತರೆ ಬುಕ್. ನಿಲ್ಲದಿದ್ದರೆ ಬಾಲ್ಕನಿ ಬಿಟ್ಟು ಒಳಗಿನ ಕ್ಯಾಬಿನ್, ಹತ್ತು ದಿನದ ಬದಲು ಏಳು ದಿನ, ಶಾಲೆ ರಜೆ ಬಿಟ್ಟು ಬೇರೆ ತಿಂಗಳು. ಅದೂ ಆಗದಿದ್ದರೆ ಈ ವರ್ಷ ಹಡಗು ಬೇಡ. ಆಗ ಡಾಲರ್‌ನ ತಂಟೆಯೂ ಇಲ್ಲ, ರಗಳೆಯೂ ಇಲ್ಲ.

ಹಡಗು ಹತ್ತಿದ ಮೇಲೆ ಗುಣಾಕಾರ ನಿಲ್ಲಿಸಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಪ್ರತಿ ಕಾಫಿಯನ್ನೂ ನಮ್ಮ ಹಣಕ್ಕೆ ಗುಣಿಸಿ, 'ಇದಕ್ಕೆ ಇಷ್ಟಾ?' ಅಂತ ಹುಬ್ಬೇರಿಸುವವರ ಜೊತೆ ಡೆಕ್ ಮೇಲೆ ಕೂರುವುದೇ ಹಿಂಸೆ. ಹಾಗಂತ ಕೈಬಿಟ್ಟು ಖರ್ಚು ಮಾಡಿ ಅನ್ನುವುದಿಲ್ಲ. ಹಡಗಿನಲ್ಲಿ ಸಾಮಾನ್ಯವಾಗಿ ನಗದು ನಡೆಯುವುದಿಲ್ಲ, ಎಲ್ಲವೂ ಕ್ಯಾಬಿನ್ ಕಾರ್ಡಿಗೆ ಬೀಳುತ್ತದೆ. ಕೈಯಿಂದ ನೋಟು ಹೋಗದಿದ್ದರೆ ಖರ್ಚು ಗೊತ್ತಾಗುವುದೇ ಇಲ್ಲ. ಹಾಗಾಗಿ ದಿನಕ್ಕೆ ಇಷ್ಟು ಡಾಲರ್ ಅಂತ ಹಡಗಿನ ಕರೆನ್ಸಿಯಲ್ಲೇ ಮಿತಿ ಇಟ್ಟುಕೊಂಡು, ರಾತ್ರಿ ಮಲಗುವ ಮುಂಚೆ ಹಡಗಿನ ಆ್ಯಪ್‌ನಲ್ಲಿ ಒಮ್ಮೆ ಲೆಕ್ಕ ನೋಡುತ್ತೇನೆ. ಬೇಕಾದರೆ ಶುಲ್ಕವಿಲ್ಲದೆ ಕೊಂಡಿಟ್ಟ ಡಾಲರ್ ನೋಟುಗಳನ್ನೇ ಕೌಂಟರಿನಲ್ಲಿ ಲೆಕ್ಕಕ್ಕೆ ಜಮಾ ಮಾಡಲೂ ಹಲವು ಹಡಗುಗಳಲ್ಲಿ ಅವಕಾಶ ಇದೆ. ಬುಕಿಂಗ್ ಜೊತೆ ಉಚಿತವಾಗಿ ಬಂದ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲೇ ಖರ್ಚು ಮಾಡಲು ಕೊಟ್ಟ ಮೊತ್ತ) ಉಳಿದಿದ್ದರೆ ಕೊನೆಯ ದಿನದೊಳಗೆ ಮುಗಿಸಬೇಕು, ಬಹಳಷ್ಟು ಸಲ ಅದು ನಗದಾಗಿ ವಾಪಸ್ ಬರುವುದಿಲ್ಲ.

ಊರಿಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಕಾರ್ಡಿನ ಸ್ಟೇಟ್‌ಮೆಂಟ್ ಬರುವವರೆಗೆ ಲೆಕ್ಕ ಮುಗಿಯುವುದಿಲ್ಲ. ಹಡಗಿನವರು ಖರ್ಚಿಗಂತ ಕಾರ್ಡಿನಲ್ಲಿ ದಿನದಿನವೂ ತಡೆಹಿಡಿದಿಟ್ಟ ಮೊತ್ತ (ಹೋಲ್ಡ್) ಬಿಡುಗಡೆ ಆಗಿದೆಯಾ ನೋಡಬೇಕು. ಡೆಬಿಟ್ ಕಾರ್ಡಿನಲ್ಲಿ ಅದು ನಿಜವಾದ ದುಡ್ಡನ್ನೇ ಕೆಲವು ದಿನ ಕಟ್ಟಿಹಾಕುತ್ತದೆ, ಅದಕ್ಕೇ ಹಡಗಿಗೆ ಡೆಬಿಟ್ ಕಾರ್ಡ್ ಕೊಡಬೇಡಿ ಅನ್ನುತ್ತೇನೆ. ಆಮೇಲೆ ಪ್ರತಿ ಸಾಲಿನ ರೇಟನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನವರು ತಮ್ಮ ಜಾಲತಾಣದಲ್ಲಿ ಇಟ್ಟಿರುವ ಕ್ಯಾಲ್ಕುಲೇಟರ್‌ನಲ್ಲಿ ಆ ತಾರೀಖಿಗೆ ಹಾಕಿ ತಾಳೆ ನೋಡುತ್ತೇನೆ. ಲೆಕ್ಕಕ್ಕೆ ಬರುವುದು ವಹಿವಾಟು ಸಂಸ್ಕರಣೆಯಾದ ದಿನದ ರೇಟು, ನಾವು ಖರ್ಚು ಮಾಡಿದ ದಿನದ್ದೇ ಆಗಿರಬೇಕೆಂದಿಲ್ಲ, ಒಂದೆರಡು ದಿನದ ವ್ಯತ್ಯಾಸ ಇರುತ್ತದೆ. ವ್ಯತ್ಯಾಸ ನಾಲ್ಕೈದು ಶೇಕಡಾ ಇದ್ದು, ಡಾಲರ್ ಮೊತ್ತವೇ ಸ್ಟೇಟ್‌ಮೆಂಟ್‌ನಲ್ಲಿ ಇಲ್ಲದಿದ್ದರೆ ನಮ್ಮ ಕರೆನ್ಸಿಗೆ ಅವರೇ ಬದಲಾಯಿಸಿದ್ದಾರೆ ಅಂತ ಲೆಕ್ಕ. ಕಾರ್ಡ್ ಜಾಲಗಳ ನಿಯಮದ ಪ್ರಕಾರ ಹಾಗೆ ಮಾಡುವ ಮುಂಚೆ ನಮ್ಮ ಒಪ್ಪಿಗೆ ಕೇಳಬೇಕು. ಕೇಳದೆ ಮಾಡಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಡಬಹುದು. ಆದರೆ ಅವರು ಮೊದಲು ಕೇಳುವುದು ಹಡಗಿನ ಅಂತಿಮ ಬಿಲ್ಲಿನ ಪ್ರತಿ. ಕೆಲವು ಕಂಪನಿಗಳ ಆ್ಯಪ್‌ನಲ್ಲಿ ಹಡಗಿನ ವೈಫೈ ಕೈತಪ್ಪಿದ ಮೇಲೆ ಅದು ಕಾಣುವುದಿಲ್ಲ, ಆದ್ದರಿಂದ ಇಳಿಯುವ ದಿನ ಬೆಳಿಗ್ಗೆ ತಿಂಡಿಗೆ ಹೋಗುವ ಮುಂಚೆಯೇ ಅದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.